ಭೀಮೆಯ ಮೇಲ್ದಂಡೆಯ ಪ್ರೇಮಕಥೆ: ‘ಸೈರಾಟ್’ನ ಬಲವೂ ಕುಂದೂ



ಕನ್ನಡದ ದತ್ತಿ ಉಪನ್ಯಾಸಕ್ಕೆ ಮರಾಠಿ ಸಿನಿಮಾವೊಂದನ್ನು ಎತ್ತಿಕೊಂಡಿದ್ದೇಕೆಂದು ಮೊದಲೇ ಹೇಳಿಬಿಡಬೇಕು. ನಾಗರಾಜ ಮಂಜುಳೆ ನಿರ್ದೇಶಿಸಿದ ‘ಸೈರಾಟ್’ 2016ರ ಏಪ್ರಿಲ್ 29ರಂದು ತೆರೆಗೆ ಬಂತು. ಅದರ ಕಥೆ ನಡೆಯುವುದು ಸೋಲಾಪುರ ಜಿಲ್ಲೆಯ ಕರ್ಮಾಳಾ ಸೀಮೆಯಲ್ಲಿ, ಉಜನಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿ. ಉಜನಿಯಿಂದ ಬಿಟ್ಟ ನೀರು ಭೀಮೆಯಲ್ಲಿ ಹರಿದು ನಮ್ಮ ವಿಜಾಪುರ ಜಿಲ್ಲೆಯ ಚಡಚಣ, ಇಂಡಿ, ಆಲಮೇಲದ ಅಂಚನ್ನು ಸವರಿಕೊಂಡು ಹೋಗುತ್ತದೆ. 1956ರ ನವೆಂಬರ್ 1ರವರೆಗೆ ಸೋಲಾಪುರವೂ ವಿಜಾಪುರವೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳು. ನಮ್ಮ ತಿಕೋಟಾದ ಪಡುವಣಕ್ಕೆ ನಡೆದರೆ ಜತ್ತ ತಾಲ್ಲೂಕು. ಅಲ್ಲಿಯ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಗಡಿ ಎಂಬುದು ನಕಾಶೆಯಲ್ಲಿ ಗಟ್ಟಿಯಾಗಿದೆ, ಬೀಗತನದಲ್ಲಿ, ಸಂತೆಯಲ್ಲಿ, ಜೋಳದ ಹೊಲದಲ್ಲಿ ಅಷ್ಟು ಗಟ್ಟಿಯಿಲ್ಲ. ಇದೇ ಕಥೆ ಮರು ವರ್ಷವೇ, 2017ರ ಮಾರ್ಚ್ 31ರಂದು, ಎಸ್. ನಾರಾಯಣ್ ನಿರ್ದೇಶನದಲ್ಲಿ ‘ಮನಸು ಮಲ್ಲಿಗೆ’ ಎಂಬ ಹೆಸರಿನಿಂದ ಕನ್ನಡಕ್ಕೂ ಬಂತು. ಹಾಗಾಗಿ ಈ ಚಿತ್ರವನ್ನು ಪರರ ಮನೆಯ ವಸ್ತುವೆಂದು ದೂರ ಇಟ್ಟು ಮಾತಾಡುವುದು ನಮಗೆ ಸಾಧ್ಯವಿಲ್ಲ.

ನೋಡದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವೆ. ಆರ್ಚಿ ಊರಿನ ಪಾಟೀಲನ ಮಗಳು. ಪಾಟೀಲನೆಂದರೆ ನಮ್ಮ ಕಡೆಯ ಗೌಡ ಇದ್ದಹಾಗೆ, ಹೊಲ, ರಾಜಕಾರಣ, ಕಾಲೇಜು ಎಲ್ಲವೂ ಅವನ ಅಂಗೈಯಲ್ಲಿ. ಪರ್ಶ್ಯಾ ಮೀನು ಹಿಡಿದು ಬದುಕುವ ಕುಟುಂಬದ ಹುಡುಗ. ಕಾಲೇಜಿನಲ್ಲಿ ಪ್ರೀತಿ ಹುಟ್ಟುತ್ತದೆ, ವಾಡೆಯವರಿಗೆ ಗೊತ್ತಾಗುತ್ತದೆ, ಹೊಡೆತ ಬೀಳುತ್ತದೆ, ಇಬ್ಬರೂ ಓಡಿಹೋಗಿ ಹೈದರಾಬಾದಿನ ಕೊಳೆಗೇರಿ ಸೇರುತ್ತಾರೆ. ಅಲ್ಲಿ ದುಡಿದು ಸಂಸಾರ ಕಟ್ಟುತ್ತಾರೆ, ಮಗುವಾಗುತ್ತದೆ. ಕೆಲವು ವರ್ಷದ ಮೇಲೆ ಆರ್ಚಿಯ ಸಹೋದರ ತವರಿನ ಉಡುಗೊರೆ ಹೊತ್ತು ಬಂದು ಇಬ್ಬರನ್ನೂ ಕೊಂದು ಹೋಗುತ್ತಾನೆ. ‘ಸೈರಾಟ್’ ಎಂದರೆ ಹಗ್ಗ ಹರಿದುಕೊಂಡು ಓಡುವಂಥದ್ದು, ಲಗಾಮಿಲ್ಲದ್ದು. ಮೂರು ಗಂಟೆಗೆ ಚೂರು ಕಡಿಮೆಯಿರುವ ಈ ಚಿತ್ರ ಆ ಹೊತ್ತಿಗೆ ಮರಾಠಿ ಚಿತ್ರರಂಗ ಕಂಡಿದ್ದ ಗಳಿಕೆಯನ್ನೆಲ್ಲ ಮೀರಿತು. ಆದರೆ ಗಳಿಕೆಯ ಲೆಕ್ಕ ನಮಗೆ ಬೇಡ. ನನ್ನ ವಾದ ಇಷ್ಟು: ಈ ಚಿತ್ರದ ಬಲವೂ ಕುಂದೂ ಒಂದೇ ಬೇರಿನಿಂದ ಹುಟ್ಟಿವೆ. ಜಾತಿಯನ್ನು ಬಾಯಿಬಿಟ್ಟು ವಿವರಿಸುವುದಿಲ್ಲ, ನೆಲ, ನೀರು, ನಡಿಗೆ, ಮಾತಿನ ಧಾಟಿಯಿಂದಲೇ ಕಾಣಿಸುತ್ತೇನೆ ಎಂದು ಅದು ಪಣ ತೊಟ್ಟಿತು. ಅದರಿಂದ ಭಾಷಣದ ಚಿತ್ರಗಳಿಗೆ ಎಟುಕದ ಸತ್ಯ ಅದಕ್ಕೆ ಎಟುಕಿತು. ಅದರಿಂದಲೇ, ಆ ಸತ್ಯವನ್ನು ನೋಡಲೊಲ್ಲದವನು ಹಾಡು ಕೇಳಿ, ಕುಣಿದು, ಮನೆಗೆ ಹೋಗಲು ಒಂದು ಹಿತ್ತಿಲ ಬಾಗಿಲೂ ತೆರೆದುಕೊಂಡಿತು.

ಮೊದಲು ಬಲವನ್ನು ನೋಡೋಣ. ಚಿತ್ರ ಶುರುವಾಗುವುದು ಕ್ರಿಕೆಟ್ ಪಂದ್ಯದಿಂದ, ಆ ಪಂದ್ಯದ ವೇದಿಕೆಯಲ್ಲಿ ಪಾಟೀಲನ ಮಾತಿನಿಂದ. ಊರ ಹುಡುಗರ ಆಟಕ್ಕೆ ಬಹುಮಾನ ಕೊಡುವವನು ಯಾರು, ಕುರ್ಚಿಯಲ್ಲಿ ಕೂರುವವನು ಯಾರು, ಮೈಕು ಯಾರ ಕೈಯಲ್ಲಿದೆ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಆ ಹೊತ್ತಿಗೆ ಪರ್ಶ್ಯಾ ಹಿನ್ನೀರಿನ ದೋಣಿಯಲ್ಲಿದ್ದಾನೆ. ವೇದಿಕೆ ಮತ್ತು ದೋಣಿ, ಈ ಎರಡು ಜಾಗ ಸಾಕು. ಯಾರ ಜಾತಿ ಯಾವುದೆಂದು ನಮ್ಮ ಕಡೆಯ ಪ್ರೇಕ್ಷಕನಿಗೆ ಯಾರೂ ತಿಳಿಸಿ ಹೇಳಬೇಕಿಲ್ಲ. ಬಾವಿಯ ದೃಶ್ಯವನ್ನು ನೋಡಿ. ಆರ್ಚಿ ಗೆಳತಿಯರೊಂದಿಗೆ ಈಜುತ್ತಿರುವ ಬಾವಿಗೆ ಪರ್ಶ್ಯಾ ಧುಮುಕುತ್ತಾನೆ. ಬೇರೆ ಯಾವ ಭಾಷೆಯ ಪ್ರೇಮಚಿತ್ರದಲ್ಲಾದರೂ ಇದು ತುಂಟಾಟ. ಬಾವಿಯ ನೀರನ್ನು ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂದು ಶತಮಾನಗಳ ಕಾಲ ಜಗಳವಾಡಿದ ನಾಡಿನಲ್ಲಿ ಅದು ತುಂಟಾಟವಾಗಿ ಉಳಿಯುವುದಿಲ್ಲ. ಮಹಾಡದ ಚವದಾರ ಕೆರೆಯ ನೀರನ್ನು 1927ರಲ್ಲಿ ಅಂಬೇಡ್ಕರರು ಮುಟ್ಟಿದ ರಾಜ್ಯದ ಚಿತ್ರವಿದು ಎಂಬುದನ್ನು ನಿರ್ದೇಶಕರು ಮರೆತಿಲ್ಲ, ನಮಗೆ ನೆನಪಿಸುವ ಗೋಜಿಗೂ ಹೋಗಿಲ್ಲ.

ತರಗತಿಯ ದೃಶ್ಯ ಇನ್ನೂ ಹರಿತವಾದುದು. ಲೋಖಂಡೆ ಎಂಬ ಹೊಸ ಅಧ್ಯಾಪಕರು ದಲಿತ ಸಾಹಿತ್ಯದ ಬಗ್ಗೆ ಪಾಠ ಹೇಳುತ್ತಿರುತ್ತಾರೆ. ಪಾಟೀಲನ ಮಗ ಪ್ರಿನ್ಸ್ ಪಾಠದ ನಡುವೆಯೇ ಫೋನಿನಲ್ಲಿ ಮಾತಾಡುತ್ತಾನೆ. ನೀನು ಯಾರು ಎಂದು ಕೇಳಿದ್ದಕ್ಕೆ ಅಧ್ಯಾಪಕರ ಕಪಾಳಕ್ಕೆ ಬಾರಿಸುತ್ತಾನೆ. ಅದು ಅಪ್ಪನ ಕಿವಿಗೆ ಬಿದ್ದಾಗ ಮಗನಿಗೆ ಬುದ್ಧಿಮಾತು ಬರುವುದಿಲ್ಲ. ಹುಡುಗ ಯಾರೆಂಬ ಪರಿಚಯ ಅಧ್ಯಾಪಕರಿಗೆ ಆಗುತ್ತದೆ. ಹಲಗೆಯ ಮೇಲೆ ಬರೆದ ಪಾಠಕ್ಕೂ ತರಗತಿಯೊಳಗೆ ನಡೆದ ಪಾಠಕ್ಕೂ ಇರುವ ಅಂತರವನ್ನು ಒಂದು ಏಟಿನಲ್ಲಿ ತೋರಿಸಿದ ದೃಶ್ಯ ಇದು. ಹೀಗೆಯೇ ಪೊಲೀಸ್ ಠಾಣೆ. ಓಡಿಹೋದವರು ಸಿಕ್ಕಿಬಿದ್ದಾಗ ಪರ್ಶ್ಯಾ ಮತ್ತವನ ಗೆಳೆಯರ ಮೇಲೆ ಅತ್ಯಾಚಾರದ ದೂರು ಸಿದ್ಧವಾಗಿರುತ್ತದೆ. ಹುಡುಗಿಯೇ ಎದ್ದು ನಿಂತು ಅದನ್ನು ಹರಿದುಹಾಕಬೇಕಾಗುತ್ತದೆ. ಹೆಣ್ಣಿನ ರಕ್ಷಣೆಗೆಂದು ಬರೆದ ಕಾನೂನು ಹೆಣ್ಣಿನ ಆಯ್ಕೆಯ ವಿರುದ್ಧವೇ ಹೇಗೆ ತಿರುಗುತ್ತದೆ ಎಂಬುದನ್ನು ಠಾಣೆಯ ಬಾಗಿಲು ಕಂಡ ಯಾವ ಬಡವನಿಗೂ ಬಿಡಿಸಿ ಹೇಳಬೇಕಿಲ್ಲ. ಜಾತಿ ಪಂಚಾಯಿತಿಯ ಮುಂದೆ ಪರ್ಶ್ಯಾನ ತಂದೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವ ಗಳಿಗೆಯಂತೂ ನೋಡಲಾಗದು. ಅವನನ್ನು ಅಲ್ಲಿ ಯಾರೂ ಹೊಡೆಯುವುದಿಲ್ಲ ಎಂಬುದೇ ಆ ದೃಶ್ಯದ ಭೀಕರತೆ.

ಇಷ್ಟು ಹೇಳಿದ ಮೇಲೆ ಆರ್ಚಿಯ ಕಡೆಗೆ ಬರಬೇಕು, ಏಕೆಂದರೆ ಈ ಚಿತ್ರದ ನಿಜವಾದ ಹೊಸತನ ಅಲ್ಲಿದೆ. ಅವಳು ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ನಡೆಸುತ್ತಾಳೆ, ತರಗತಿಯಲ್ಲಿ ಹುಡುಗನನ್ನು ಕಣ್ಣು ಕೀಳದೆ ನೋಡುತ್ತಾಳೆ. ತಲೆ ತಗ್ಗಿಸುವವನು ಅವನು. ಬೆನ್ನಟ್ಟಿದವರ ಕಡೆಗೆ ಪಿಸ್ತೂಲು ಹಾರಿಸುವವಳೂ ಅವಳೇ. ಇದನ್ನು ಗಟ್ಟಿಗಿತ್ತಿ ಹೆಣ್ಣಿನ ಚಿತ್ರಣವೆಂದು ಹೊಗಳಿ ಮುಂದೆ ಹೋಗುವವರು ಒಂದು ಸೂಕ್ಷ್ಮವನ್ನು ಬಿಟ್ಟುಬಿಡುತ್ತಾರೆ. ಆರ್ಚಿಯ ಧೈರ್ಯ ಅವಳ ಸ್ವಭಾವ ಎಷ್ಟೋ, ಅವಳ ಅಪ್ಪನ ಹೊಲವೂ ಅಷ್ಟೇ. ಊರಲ್ಲಿ ಅವಳು ಎತ್ತರದ ದನಿಯಲ್ಲಿ ಮಾತಾಡಬಲ್ಲಳು, ಯಾಕೆಂದರೆ ಅವಳ ಹಿಂದೆ ವಾಡೆಯಿದೆ. ಪರ್ಶ್ಯಾ ತಗ್ಗಿದ ಕಣ್ಣಿನವನು, ಯಾಕೆಂದರೆ ಅವನ ಹಿಂದೆ ಬಲೆ ಮತ್ತು ದೋಣಿ ಇವೆ. ಪ್ರೇಮಿಗಳ ನಡುವಣ ಸಲುಗೆಯಲ್ಲೂ ಜಾತಿಯ ತಕ್ಕಡಿ ತೂಗುತ್ತಿದೆ ಎಂಬುದನ್ನು ನಾಯಕಿಯ ಮೋಹಕ ಗುಣದೊಳಗೇ ಅಡಗಿಸಿಟ್ಟ ಚಿತ್ರ ನಮ್ಮಲ್ಲಿ ಬೇರೆ ಹೆಚ್ಚಿಲ್ಲ. ಅಕ್ಲೂಜದ ಶಾಲಾ ಹುಡುಗಿ ರಿಂಕು ರಾಜಗುರು ಈ ಪಾತ್ರವನ್ನು ತನ್ನ ಊರಿನ ಮಾತಿನಲ್ಲಿ, ಯಾವ ಪುಣೆಯ ನಯವೂ ಇಲ್ಲದೆ ಆಡಿದಳು. 63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವಳಿಗೆ ವಿಶೇಷ ಉಲ್ಲೇಖ ಸಿಕ್ಕಿತು.

ಈ ಜಿಲ್ಲೆಯಲ್ಲಿ ನಿಂತು ಅಂತರಜಾತಿ ಮದುವೆಯ ಮಾತಾಡುವಾಗ ಕಲ್ಯಾಣ ನೆನಪಾಗದೆ ಇರದು. ಬಸವನ ಬಾಗೇವಾಡಿ ನಮ್ಮ ಜಿಲ್ಲೆಯ ಊರು. ಶರಣ ಪರಂಪರೆ ಹೇಳುವ ಪ್ರಕಾರ ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು. ಸಮಗಾರನ ಮನೆಗೂ ಬ್ರಾಹ್ಮಣನ ಮನೆಗೂ ಬೀಗತನವಾದದ್ದನ್ನು ಸಹಿಸದೆ ಬಿಜ್ಜಳನ ಆಡಳಿತ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟಿತು. ಎಂಟು ನೂರು ವರ್ಷಗಳಿಂದ ಈ ಕಥೆಯನ್ನು ಹೇಳುತ್ತಿದ್ದೇವೆ. ಆದರೆ ಬಹುಪಾಲು ನಿರೂಪಣೆಗಳಲ್ಲಿ ನಮಗೆ ಸಿಗುವವರು ಹರಳಯ್ಯ, ಮಧುವರಸ, ಬಸವಣ್ಣ, ಬಿಜ್ಜಳ. ಮದುವೆಯಾದ ಹುಡುಗ ಹುಡುಗಿಗೆ ಹೆಸರಿದೆ, ಮಾತು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಆ ಹುಡುಗಿ ಆ ಮದುವೆಗೆ ಮನಸ್ಸಿನಿಂದ ಒಪ್ಪಿದ್ದಳೇ, ಮಾವನ ಮನೆಯ ಚರ್ಮದ ವಾಸನೆ ಅವಳಿಗೆ ಮೊದಲ ದಿನ ಹೇಗೆ ಅನಿಸಿತು, ಅಪ್ಪನ ಶಿಕ್ಷೆಯ ಸುದ್ದಿ ಅವಳಿಗೆ ಯಾರು ಮುಟ್ಟಿಸಿದರು? ನಾವು ಕೇಳಿಲ್ಲ. ಕ್ರಾಂತಿಯ ಕಥೆಯೂ ಅಪ್ಪಂದಿರ ಕಥೆಯಾಗಿಯೇ ಉಳಿಯಿತು. ‘ಸೈರಾಟ್’ ಅದೇ ಗಾಯವನ್ನು ಹುಡುಗಿಯ ಕಡೆಯಿಂದ ಬಿಚ್ಚುತ್ತದೆ. ಸನ್ನಾಟದ ‘ಸಂಗ್ಯಾ ಬಾಳ್ಯಾ’ದಲ್ಲೂ ಪ್ರೀತಿಗೆ ಕೊಲೆಯೇ ಉತ್ತರ, ಅಲ್ಲಿ ಕೊಲೆಯ ಹಿಂದು ಮುಂದೆಲ್ಲ ಗಂಡಸರ ಸ್ನೇಹದ್ರೋಹದ ಸುತ್ತ ತಿರುಗುತ್ತದೆ, ಪ್ರೀತಿಸಿದ ಹೆಣ್ಣು ಗಂಗಿ ನೆಪವಾಗುತ್ತಾಳೆ. ಆರ್ಚಿ ಯಾರ ನೆಪವೂ ಅಲ್ಲ.

ಚಿತ್ರದ ಅತಿ ದೊಡ್ಡ ಬಲ ಹೆಚ್ಚು ಜನ ಬೇಸರಪಟ್ಟುಕೊಳ್ಳುವ ಎರಡನೆಯ ಭಾಗದಲ್ಲಿದೆ ಎಂದು ನನ್ನ ಎಣಿಕೆ. ನಮ್ಮ ಪ್ರೇಮಚಿತ್ರಗಳು ಸಾಮಾನ್ಯವಾಗಿ ಓಡಿಹೋಗುವಲ್ಲಿ ಮುಗಿಯುತ್ತವೆ, ಇಲ್ಲವೆ ಓಡಿಹೋಗುವಾಗ ಸಾಯುತ್ತವೆ. ಓಡಿಹೋದ ಮರುದಿನ ಬೆಳಿಗ್ಗೆ ಶೌಚಕ್ಕೆ ಎಲ್ಲಿ ಹೋಗುವುದು ಎಂಬ ಪ್ರಶ್ನೆಯನ್ನು ಅವು ಕೇಳುವುದಿಲ್ಲ. ‘ಸೈರಾಟ್’ ಕೇಳುತ್ತದೆ. ಹೈದರಾಬಾದಿನ ಓಣಿಯ ವಾಸನೆ ಆರ್ಚಿಗೆ ಉಣ್ಣಲು ಬಿಡುವುದಿಲ್ಲ. ಅವಳಿಗೆ ಆ ಊರಿನ ಭಾಷೆ ಬಾರದು. ಊರಲ್ಲಿ ಯಾರ ಮಾತನ್ನಾದರೂ ಅರ್ಧಕ್ಕೇ ತುಂಡರಿಸುತ್ತಿದ್ದವಳು ಇಲ್ಲಿ ಅಂಗಡಿಯವನ ಮಾತಿಗೆ ಪಿಳಿಪಿಳಿ ನೋಡುತ್ತಾಳೆ. ಪರ್ಶ್ಯಾ ದೋಸೆ ಗಾಡಿಯಲ್ಲಿ ನಿಲ್ಲುತ್ತಾನೆ, ಅವಳು ಬಾಟಲಿ ತುಂಬುವ ಕಾರ್ಖಾನೆಗೆ ಹೋಗುತ್ತಾಳೆ. ಮೊದಲ ಭಾಗದ ಕಬ್ಬಿನ ಹಸಿರು, ಬಾಳೆತೋಟದ ನೆರಳು, ಹಿನ್ನೀರಿನ ಬೆಳಕು ಒಂದೂ ಇಲ್ಲಿಲ್ಲ. ತಗಡು, ಹೊಗೆ, ಇಕ್ಕಟ್ಟು. ಸಂಗೀತವೂ ಹಿಂದೆ ಸರಿಯುತ್ತದೆ. ಪ್ರೀತಿ ಎಂಬುದು ದಿನಗೂಲಿಯ ಲೆಕ್ಕಕ್ಕೆ, ಅಡುಗೆಗೆ, ಬಾಡಿಗೆಗೆ, ಒಬ್ಬರ ದಣಿವನ್ನು ಇನ್ನೊಬ್ಬರು ತಡೆದುಕೊಳ್ಳುವುದಕ್ಕೆ ಇಳಿದಾಗ ಏನಾಗುತ್ತದೆ ಎಂಬುದನ್ನು ಚಿತ್ರ ಅವಸರವಿಲ್ಲದೆ ನೋಡುತ್ತದೆ. ಆರ್ಚಿಯ ಮನೆಯ ಹಂಬಲವನ್ನು ಅದು ದೌರ್ಬಲ್ಯವೆಂದು ತೋರಿಸುವುದಿಲ್ಲ. ಜಾತಿಯನ್ನು ಬಿಟ್ಟು ಬರುವುದೆಂದರೆ ತಾಯಿಯ ಕೈರೊಟ್ಟಿಯನ್ನೂ ಬಿಟ್ಟು ಬರುವುದು ಎಂಬ ಸತ್ಯ ಸುಧಾರಣೆಯ ಭಾಷಣಗಳಲ್ಲಿ ಕಳೆದುಹೋಗುತ್ತದೆ, ಇಲ್ಲಿ ಉಳಿದಿದೆ.

ಈಗ ಕುಂದುಗಳು. ಮೊದಲ ಭಾಗದ ಸೊಗಸು ಅಳತೆ ಮೀರಿದೆ. ನಿಧಾನಗತಿಯ ಓಟ, ಹಾರುವ ಹಕ್ಕಿಗಳು, ಮೆಟ್ಟಿಲಿಳಿಯುವ ನಾಯಕಿ, ಮೇಲೆ ಹಾಲಿವುಡ್ಡಿನ ಸಿಂಫನಿ ವಾದ್ಯಮೇಳದಲ್ಲಿ ಧ್ವನಿಮುದ್ರಿಸಿದ ಅಜಯ್-ಅತುಲ್ ಸಂಗೀತ. ನಿರ್ದೇಶಕರ ಲೆಕ್ಕ ಊಹಿಸುವುದು ಕಷ್ಟವಲ್ಲ: ಸಿಹಿ ಎಷ್ಟು ಹೆಚ್ಚಾದರೆ ಕೊನೆಯ ಕಹಿ ಅಷ್ಟು ತಾಗುತ್ತದೆ; ಹಿಂದಿ ಚಿತ್ರಗಳು ಕಲಿಸಿದ ಕನಸನ್ನು ಮೊದಲು ಪೂರ್ತಿ ಕೊಟ್ಟು ಆಮೇಲೆ ಕಿತ್ತುಕೊಳ್ಳಬೇಕು. ಲೆಕ್ಕ ಕಾಗದದ ಮೇಲೆ ಸರಿ. ಊರಲ್ಲಿ ಆದದ್ದು ಬೇರೆ. ‘ಝಿಂಗಾಟ್’ ಹಾಡು ಗಡಿಯ ಎರಡೂ ಬದಿಯ ಮೆರವಣಿಗೆಗಳಿಗೆ ಬಂತು, ಡಿಜೆ ಪೆಟ್ಟಿಗೆಗಳಿಗೆ ಬಂತು, ಕಡೆಗೆ ಮದುವೆಯ ಹಂದರಕ್ಕೂ ಬಂತು. ಜಾತಿ, ಒಳಪಂಗಡ, ಬೆಡಗು, ಗೋತ್ರ ಎಲ್ಲವನ್ನೂ ಅಳೆದು ತೂಗಿ ಗೊತ್ತುಮಾಡಿದ ಮದುವೆಯಲ್ಲಿ, ಜಾತಿ ಮೀರಿದ್ದಕ್ಕೆ ಕೊಲೆಯಾದವರ ಚಿತ್ರದ ಹಾಡಿಗೆ ಬೀಗರು ಕುಣಿಯುವುದು ಒಂದು ಕ್ರೂರ ತಮಾಷೆ. ಅದನ್ನು ಕುಣಿಯುವವರ ತಪ್ಪೆಂದು ಹೇಳಿ ಚಿತ್ರವನ್ನು ಬಿಡುಗಡೆ ಮಾಡಲಾಗದು. ಕೊನೆಯ ಮೌನದಿಂದ ಕಳಚಿ ತೆಗೆದರೂ ಪೂರ್ತಿಯಾಗಿ ಬದುಕಬಲ್ಲಂತೆ ಆ ಹಾಡನ್ನು ಕಟ್ಟಿದವರು ಚಿತ್ರದವರೇ.

ಮಂಜುಳೆಯವರ ಹಿಂದಿನ ಚಿತ್ರ ‘ಫ್ಯಾಂಡ್ರಿ’ (2013) ಈ ಸೌಕರ್ಯ ಕೊಟ್ಟಿರಲಿಲ್ಲ. ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ ಕೊನೆಗೆ ಎಸೆದ ಕಲ್ಲು ನೇರ ಕ್ಯಾಮೆರಾಕ್ಕೆ, ಅಂದರೆ ನೋಡುತ್ತ ಕುಳಿತವರ ಮುಖಕ್ಕೆ ಬರುತ್ತದೆ. ಅಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ‘ಸೈರಾಟ್’ ಹೆಚ್ಚು ಜನರನ್ನು ಮುಟ್ಟಿತು, ಒಬ್ಬೊಬ್ಬರನ್ನು ಕಡಿಮೆ ಮುಟ್ಟಿತು ಎಂದರೆ ಅನ್ಯಾಯವಾಗಲಾರದು. ಉಳಿದ ಕುಂದುಗಳು ಸಣ್ಣವು, ಆದರೂ ಹೇಳಬೇಕು. ಪರ್ಶ್ಯಾನ ಗೆಳೆಯನ ಕುಂಟುತನ ಅವನ ಅಡ್ಡಹೆಸರಾಗಿ, ನಗೆಯ ಸರಕಾಗಿ ಬಳಕೆಯಾಗಿದೆ. ಒಂದು ಅವಮಾನದ ವಿರುದ್ಧ ಇಷ್ಟು ಎಚ್ಚರವಿರುವ ಚಿತ್ರ ಇನ್ನೊಂದರ ಬಗ್ಗೆ ಹಗುರಾಗಿದೆ. ಸುಮನ್ ಅಕ್ಕ ಎಂಬ ಹೈದರಾಬಾದಿನ ಹೆಂಗಸು ಗಂಡಾಂತರದ ಗಳಿಗೆಯಲ್ಲಿ ದೇವತೆಯಂತೆ ಪ್ರತ್ಯಕ್ಷಳಾಗುವುದು ಕಥೆಯ ಅನುಕೂಲಕ್ಕೆ. ಪರ್ಶ್ಯಾನ ಅನುಮಾನ, ಅವನು ಆರ್ಚಿಗೆ ಹೊಡೆಯುವುದು, ಊರ ಕಡೆ ಹೊರಟವಳು ತಿರುಗಿ ಬರುವುದು, ಇವು ಚಿತ್ರದ ಅತಿ ಧೈರ್ಯದ ದೃಶ್ಯಗಳಾಗಬಹುದಿತ್ತು. ಕೆಳಜಾತಿಯ ಗಂಡೂ ಗಂಡೇ ಎಂಬ ಕಹಿಯನ್ನು ಚಿತ್ರ ಬಾಯಿಗೆ ಹಾಕಿಕೊಂಡಿತು, ಆದರೆ ಅಗಿಯಲಿಲ್ಲ. ರಾಜಿ ಬೇಗ ಬಂದುಬಿಟ್ಟಿತು, ಮಗು ಇನ್ನೂ ಬೇಗ.

ನನ್ನ ವಾದಕ್ಕೆ ಬಲವಾದ ಸಾಕ್ಷಿ ರೀಮೇಕುಗಳಲ್ಲಿದೆ. ‘ಮನಸು ಮಲ್ಲಿಗೆ’ಗೆ ಕಥೆಯನ್ನು ತಂದರು, ಅಜಯ್-ಅತುಲ್ ಅವರ ರಾಗಗಳನ್ನು ತಂದರು, ರಿಂಕು ರಾಜಗುರುವನ್ನೇ ಕರೆತಂದರು. ಒಂದು ಚಿತ್ರದಿಂದ ಎತ್ತಿ ಒಯ್ಯಬಹುದಾದ್ದನ್ನೆಲ್ಲ ಒಯ್ದ ಮೇಲೂ ಮೂಲ ಚಿತ್ರ ಮಾಡಿದ ಗಾಯ ಇಲ್ಲಿ ಆಗಲಿಲ್ಲ. ಎತ್ತಿ ಒಯ್ಯಲಾಗದ್ದು ಆರ್ಚಿಯ ಅಕ್ಲೂಜದ ಮಾತು, ಕರ್ಮಾಳಾದ ಬಿಸಿಲು, ಬಾವಿ, ಬಲೆ, ಕಬ್ಬು. ಮಂಜುಳೆಯವರು ಜಾತಿಯನ್ನು ಬರೆದಿಟ್ಟದ್ದು ಅಲ್ಲೇ. ಸಂಭಾಷಣೆಯಲ್ಲಿ ಬರೆದಿದ್ದರೆ ಅನುವಾದವಾಗುತ್ತಿತ್ತು. ‘ಮನಸು ಮಲ್ಲಿಗೆ’ ಎಂಬ ಹೆಸರನ್ನೇ ನೋಡಿ: ಹಗ್ಗ ಹರಿದ ಓಟ ಹೋಗಿ ಹೂವಾಯಿತು. ಶಶಾಂಕ್ ಖೇತಾನ್ ನಿರ್ದೇಶನದ ಹಿಂದಿಯ ‘ಧಡಕ್’ (2018) ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಉದಯಪುರದ ಅರಮನೆ, ಕೆರೆಗಳ ನಡುವೆ ಜಾತಿ ಅಂತಸ್ತಿನ ಜಗಳದಂತೆ ತೆಳುವಾಯಿತು. ಕೊನೆಯಲ್ಲಿ ಹುಡುಗನೂ ಮಗುವೂ ಸಾಯುತ್ತಾರೆ, ಹುಡುಗಿ ಉಳಿಯುತ್ತಾಳೆ. ಮೂಲದಲ್ಲಿ ಉಳಿಯುವುದು ಮಗು. ಈ ಅದಲುಬದಲು ಸಣ್ಣದಲ್ಲ. ಜಾತಿಗೆ ತನ್ನ ಮಗಳನ್ನೂ ಕೊಲ್ಲುವ ಶಕ್ತಿಯಿದೆ ಎಂದು ‘ಸೈರಾಟ್’ ಹೇಳುತ್ತದೆ. ‘ಧಡಕ್’ ಆ ಮಾತನ್ನು ನುಂಗಿಕೊಳ್ಳುತ್ತದೆ.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಮೊದಲನೆಯದು ಕೊನೆಯ ಕೊಲೆಯ ಬಗ್ಗೆ: ನೆಮ್ಮದಿಯಾಗಿ ಸಾಗುತ್ತಿದ್ದ ಸಂಸಾರದ ಮೇಲೆ ಸಿಡಿಲು ಕೆಡವಿದ್ದು ಪ್ರೇಕ್ಷಕನನ್ನು ಬೆಚ್ಚಿಬೀಳಿಸುವ ತಂತ್ರ ಮಾತ್ರ ಎಂದು. ಚಿತ್ರವನ್ನು ಎರಡನೆಯ ಸಲ ನೋಡಿದವರಿಗೆ ಈ ಆಕ್ಷೇಪ ನಿಲ್ಲುವುದಿಲ್ಲ. ಆರ್ಚಿ ತಾಯಿಗೆ ಫೋನ್ ಮಾಡಿದ ಗಳಿಗೆಯಲ್ಲೇ ಹಾದಿ ತೆರೆದಿದೆ. ಸಹೋದರ ತರುವ ಉಡುಗೊರೆ ತಾಯಿಯ ಹೆಸರಿನದು. ರಂಗೋಲಿ ಹಾಕುತ್ತಿದ್ದವಳು ಒಳಗೆ ಕರೆದು ಚಹಾ ಕೊಡುತ್ತಾಳೆ. ಅತಿಥಿಸತ್ಕಾರ, ತವರಿನ ಸೀರೆ, ಒಡಹುಟ್ಟು ಎಂಬ ಸಂಬಂಧ, ನಾವು ಪವಿತ್ರವೆಂದು ಬಗೆದ ಒಂದೊಂದರ ಮರೆಯಲ್ಲೂ ಕತ್ತಿ ಒಳಗೆ ಬರುತ್ತದೆ. ಕೊಲೆಯನ್ನು ತೋರಿಸುವುದಿಲ್ಲ. ನೆರೆಮನೆಯವಳೊಂದಿಗೆ ಹೊರಗೆ ಹೋಗಿದ್ದ ಕೂಸು ಬಾಗಿಲಿಗೆ ಬರುತ್ತದೆ, ಒಳಗೆ ಹೋಗುತ್ತದೆ, ಅಳುತ್ತ ಹೊರಗೆ ನಡೆಯುತ್ತದೆ, ಪುಟ್ಟ ಪಾದಗಳ ರಕ್ತದ ಗುರುತು ನೆಲದ ಮೇಲೆ ಉಳಿಯುತ್ತದೆ. ಮೊದಲ ಭಾಗದಲ್ಲಿ ಅಷ್ಟೊಂದು ಸಂಗೀತ ಸುರಿಸಿದ ಚಿತ್ರ ಅಲ್ಲಿ ಎಲ್ಲ ಸದ್ದನ್ನೂ ಕಿತ್ತುಹಾಕುತ್ತದೆ. ಮೊದಲ ಭಾಗದ ಅತಿ ಸಿಹಿಗೆ ಸಮರ್ಥನೆ ಇದ್ದರೆ ಇದೊಂದೇ.

ಎರಡನೆಯದು ತಂದೆತಾಯಿಗಳ ಆಕ್ಷೇಪ, ಅದನ್ನು ಹಗುರವಾಗಿ ತಳ್ಳಬಾರದು: ಇಂಥ ಚಿತ್ರ ಹುಡುಗ ಹುಡುಗಿಯರನ್ನು ಓಡಿಹೋಗಲು ಹುರಿದುಂಬಿಸುತ್ತದೆ. ಓಡಿಹೋದದ್ದರ ಬೆಲೆಯನ್ನು ಇಷ್ಟು ನಿಖರವಾಗಿ ಎಣಿಸಿ ತೋರಿಸಿದ ಚಿತ್ರ ಇನ್ನೊಂದಿಲ್ಲ ಎಂಬುದು ಅರ್ಧ ಉತ್ತರ. ಇನ್ನರ್ಧದಲ್ಲಿ ಪೋಷಕರಿಗೆ ನ್ಯಾಯವಿದೆ. ನಾಯಕಿ ಇನ್ನೂ ಎಳೆಯಳು. ನಟಿಯೂ ಆಗ ಶಾಲೆ ಮುಗಿಸದ ಹುಡುಗಿ. ಹದಿನೆಂಟರ ಕೆಳಗಿನ ಪ್ರೀತಿಯನ್ನು 2012ರ ಪೋಕ್ಸೊ ಕಾಯ್ದೆ ಹೇಗೆ ನೋಡುತ್ತದೆ, ಆ ಕಾಯ್ದೆಯ ಕೆಳಗೆ ಎಷ್ಟು ಬಡ ಹುಡುಗರು ಜೈಲು ಕಾಣುತ್ತಾರೆ ಎಂಬ ಪ್ರಶ್ನೆಗೆ ಚಿತ್ರ ಮುಖ ಕೊಡುವುದಿಲ್ಲ. ಆದರೆ ಪೋಷಕರಿಗೂ ಒಂದು ಮಾತು ಕೇಳಬೇಕು. ಬಾಲ್ಯವಿವಾಹ ಇನ್ನೂ ಅಳಿಯದ ಈ ಸೀಮೆಯಲ್ಲಿ, ಹುಡುಗಿ ಎಳೆಯಳು ಎಂಬ ಕಳಕಳಿ ಅವಳೇ ಆರಿಸಿಕೊಂಡಾಗ ಮಾತ್ರ ನೆನಪಾಗುವುದೇಕೆ?

ಮೂರನೆಯ ಆಕ್ಷೇಪ: ಜಾತಿಯ ಹೆಸರಿನ ಕೊಲೆ ಉತ್ತರದ ಖಾಪ್ ಪಂಚಾಯಿತಿಗಳ ಸಂಗತಿ, ಬಸವಣ್ಣನ ನಾಡಿನದಲ್ಲ. ಹಾಗೆ ಹೇಳುವ ಹಕ್ಕನ್ನು ನಾವು ಕಳೆದುಕೊಂಡಿದ್ದೇವೆ. 2017ರಲ್ಲಿ ಒಮ್ಮೆ, 2021ರಲ್ಲಿ ಒಮ್ಮೆ ನಮ್ಮದೇ ಜಿಲ್ಲೆಯ ಹಳ್ಳಿಗಳು ಇಂಥ ಕೊಲೆಗಾಗಿ ದೇಶದ ಪತ್ರಿಕೆಗಳಲ್ಲಿ ಬಂದವು. ಎರಡರಲ್ಲೂ ಪ್ರೀತಿ ಧರ್ಮವನ್ನೂ ಜಾತಿಯನ್ನೂ ದಾಟಿತ್ತು. ಸತ್ತವರ ಹೆಸರು ಇಲ್ಲಿ ಎತ್ತುವುದಿಲ್ಲ. ಇಂಥ ಕೊಲೆಗೆ ಇಂಗ್ಲಿಷಿನಲ್ಲಿ ಗೌರವದ ಹೆಸರಿದೆ, ಕನ್ನಡದ ಕೆಲವರೂ ಮರ್ಯಾದಾ ಹತ್ಯೆ ಎಂದೇ ಬರೆದರು. ಆಮೇಲೆ ಕನ್ನಡ ಪತ್ರಿಕೆಗಳಲ್ಲಿ ‘ಮರ್ಯಾದೆಗೇಡು ಹತ್ಯೆ’ ಎಂಬ ಮಾತು ರೂಢಿಗೆ ಬಂತು. ಒಂದು ಪದದ ತಿದ್ದುಪಡಿಯಲ್ಲಿ ಒಂದು ಸಂಪಾದಕೀಯದಷ್ಟು ಕೆಲಸ ಮಾಡಿದ ಈ ಕನ್ನಡಕ್ಕೆ ನಮಸ್ಕಾರ. ಸುಪ್ರೀಂ ಕೋರ್ಟು ಶಕ್ತಿವಾಹಿನಿ ಪ್ರಕರಣದಲ್ಲಿ 2018ರ ಮಾರ್ಚ್ 27ರಂದು ಕೊಟ್ಟ ತೀರ್ಪಿನಲ್ಲಿ ಜಿಲ್ಲೆಗೊಂದು ವಿಶೇಷ ಘಟಕ ಇರಬೇಕು, ಬೆದರಿಕೆಯಲ್ಲಿರುವ ದಂಪತಿಗಳಿಗೆ ಸುರಕ್ಷಿತ ಮನೆಯ ಏರ್ಪಾಡಾಗಬೇಕು ಎಂದು ಹೇಳಿದೆ. ‘ಸೈರಾಟ್’ ತೆರೆಗೆ ಬಂದ ಎರಡು ವರ್ಷದೊಳಗಿನ ತೀರ್ಪು ಅದು. ಚಿತ್ರದಿಂದ ತೀರ್ಪು ಬಂತೆಂದು ಯಾರೂ ಹೇಳಲಾರರು. ಆರ್ಚಿ ನಿಂತ ಠಾಣೆಯಲ್ಲಿ ಆ ತೀರ್ಪಿನ ಪ್ರತಿಯೊಂದು ಇದ್ದಿದ್ದರೆ ಎಂದು ಯೋಚಿಸಬಹುದು, ಅಷ್ಟೆ.

ಕೊನೆಗೆ, ಪ್ರೇಮಕಥೆಯನ್ನು ಪ್ರೇಮಕಥೆಯಾಗಿ ನೋಡದೆ ಜಾತಿಯ ಕನ್ನಡಕವನ್ನೇಕೆ ಹಾಕಬೇಕು ಎನ್ನುವ ರಸಿಕರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ, ಒಂದು ವಿನಂತಿಯಿದೆ. ಈ ಚಿತ್ರದಿಂದ ಜಾತಿಯನ್ನು ತೆಗೆದು ನೋಡಿ. ಆರ್ಚಿ ಕಣ್ಣು ಕೀಳದೆ ನೋಡುವುದಕ್ಕೂ ಪರ್ಶ್ಯಾ ತಲೆ ತಗ್ಗಿಸುವುದಕ್ಕೂ ಕಾರಣ ಉಳಿಯುವುದಿಲ್ಲ, ಬಾವಿಯ ಧುಮುಕಿಗೆ ರೋಮಾಂಚ ಉಳಿಯುವುದಿಲ್ಲ, ಕೊಳೆಗೇರಿಯ ತಗಡಿನ ಮನೆಗೆ ಘನತೆ ಉಳಿಯುವುದಿಲ್ಲ. ಉಳಿಯುವುದು ‘ಧಡಕ್’. ರಸ ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕಿದರೆ ರಸಿಕರೂ ಇದೇ ಹೊಲಕ್ಕೆ ಬಂದು ನಿಲ್ಲುತ್ತಾರೆ.

ತಿಕೋಟಾ, ಬಬಲೇಶ್ವರದ ಒಣಭೂಮಿಗೆ ಏತ ನೀರಾವರಿಯ ನೀರು ಬಂದಿದೆ, ಜೋಳದ ಹೊಲಗಳಲ್ಲಿ ದ್ರಾಕ್ಷಿಯ ಚಪ್ಪರ ಎದ್ದಿದೆ. ನೀರು ಬಂದ ಕಡೆ ಹೊಲದ ಬೆಲೆ ಏರುತ್ತದೆ, ಹೊಲದ ಬೆಲೆ ಏರಿದ ಕಡೆ ಯಾರ ಮಗಳು ಯಾರ ಮನೆಗೆ ಎಂಬ ಲೆಕ್ಕ ಬಿಗಿಯಾಗುತ್ತದೆ. ಸೋಲಾಪುರದ ಕಬ್ಬಿನ ಸೀಮೆ ಇದನ್ನು ನಮಗಿಂತ ಮೊದಲು ಕಂಡಿತು, ಅದಕ್ಕೇ ಅಲ್ಲಿಂದ ‘ಸೈರಾಟ್’ ಬಂತು. ದ್ರಾಕ್ಷಿ ಚಪ್ಪರದ ಕೆಳಗೆ ನಡೆಯುವ ಕಥೆಯನ್ನು ಈ ಸೀಮೆಯ ಬಾಯಿಮಾತಿನಲ್ಲಿ ಬರೆಯಬಲ್ಲ ಹುಡುಗಿಯರು, ಹುಡುಗರು ಈ ಸಭೆಯ ಹಿಂದಿನ ಸಾಲುಗಳಲ್ಲೇ ಇರಬಹುದು. ಬರೆಯಿರಿ. ಮಧುವರಸನ ಮಗಳು ಮೊದಲ ದಿನ ಮಾವನ ಮನೆಯ ಹೊಸ್ತಿಲು ದಾಟಿದಾಗ ಏನಂದಳು ಎಂಬಲ್ಲಿಂದ ಬೇಕಾದರೂ ಶುರುಮಾಡಿರಿ. ಹಾಡು ಸ್ವಲ್ಪ ಕಡಿಮೆ ಇರಲಿ.